ಬ್ಯಾಂಡಿಗೊಬ್ಬ ಗಿಟಾರಿಸ್ಟ್ ಬೇಕಾದಾಗ

ರಾಕ್ ಬ್ಯಾಂಡೊಂದರಲ್ಲಿ ಗಿಟಾರ್ ನುಡಿಸುತ್ತಿದ್ದವರು ಬಿಟ್ಟುಹೋದರೆ ಉಳಿದವರು ಮೊದಲು ಮಾಡುವುದು ಆಡಿಷನ್. ವಾಟ್ಸಾಪ್ ಗುಂಪುಗಳಲ್ಲಿ ಸುದ್ದಿ ಹೋಗುತ್ತದೆ. ಬ್ಯಾಂಡು ಮದ್ದೂರಿನದಾದರೆ ಮಂಡ್ಯ, ಮಳವಳ್ಳಿ, ಚನ್ನಪಟ್ಟಣದಿಂದ ಹಿಡಿದು ಮೈಸೂರು, ಬೆಂಗಳೂರಿನವರೆಗೆ ನಾಲ್ಕಾರು ಜನ ಬರುತ್ತಾರೆ. ಒಂದು ಭಾನುವಾರ ಎಲ್ಲರನ್ನೂ ಸೇರಿಸಿ ಒಬ್ಬೊಬ್ಬರಿಗೆ ಹದಿನೈದು ಇಪ್ಪತ್ತು ನಿಮಿಷ ಕೊಡುತ್ತಾರೆ. ಬಂದವರು ತಾವು ಚೆನ್ನಾಗಿ ಕಲಿತಿರುವ ಸೋಲೊ ನುಡಿಸುತ್ತಾರೆ. ಯಾರ ಕೈ ಹೆಚ್ಚು ಚುರುಕೋ, ಯಾರ ಸ್ವರ ಹೆಚ್ಚು ಶುದ್ಧವೋ ಅವರೇ ಆಯ್ಕೆ. ಇದರಲ್ಲಿ ಚರ್ಚೆ ಮಾಡುವಂಥದ್ದು ಏನಿದೆ ಎಂದು ಬಹುಪಾಲು ಜನ ಕೇಳಿಯಾರು. ನನ್ನ ವಾದ ಇಷ್ಟು: ಈ ಪದ್ಧತಿ ಅಳೆಯುವುದು ಒಂದನ್ನು, ಬ್ಯಾಂಡಿಗೆ ಬೇಕಿರುವುದು ಇನ್ನೊಂದನ್ನು. ಒಬ್ಬ ವಾದಕ ಎಷ್ಟು ಸಮರ್ಥ ಎಂಬುದು ಒಂದು ಪ್ರಶ್ನೆ. ಆ ವಾದಕ ಈ ನಾಲ್ವರ ಜೊತೆ ಸೇರಿದಾಗ ಹಾಡು ಏನಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಸಿಕ್ಕಿದ ಕೂಡಲೇ ಎರಡನೆಯದಕ್ಕೂ ಸಿಕ್ಕಿತೆಂದು ತಿಳಿಯುವಲ್ಲಿ ಗೊಂದಲ ಇದೆ.

ರೂಢಿಯ ಪರವಾಗಿ ಹೇಳಬೇಕಾದ್ದನ್ನು ಮೊದಲು ಹೇಳಿಬಿಡಬೇಕು, ಯಾಕೆಂದರೆ ಅದು ಹುರುಳಿಲ್ಲದ್ದೇನೂ ಅಲ್ಲ. ನಮ್ಮ ಕಡೆ ಒಂದು ತಂಡಕ್ಕೆ ಯಾರು ಸೇರಬೇಕು ಎಂಬುದು ಎಷ್ಟೋ ಸಲ ನೆಂಟಸ್ತಿಕೆ, ಜಾತಿ, ಊರು, ಗೆಳೆತನಗಳ ಮೇಲೆ ತೀರ್ಮಾನವಾಗುತ್ತದೆ. ‘ನಮ್ಮ ಹುಡುಗ’ ಎಂಬ ಮಾತಿಗಿರುವ ತೂಕ ಎಲ್ಲರಿಗೂ ಗೊತ್ತು. ಹತ್ತು ಜನರ ಎದುರು ಬಹಿರಂಗವಾಗಿ ನಡೆಯುವ ಪರೀಕ್ಷೆ ಅದಕ್ಕೊಂದು ತಡೆ; ಯಾರ ಪರಿಚಯವೂ ಇಲ್ಲದೆ ಬಂದವರಿಗೂ ಅಲ್ಲಿ ಬಾಗಿಲು ತೆರೆದಿರುತ್ತದೆ. ಎರಡನೆಯದಾಗಿ, ಕೈಯ ಕಸುಬನ್ನು ಕಿವಿಯಿಂದ ಪರೀಕ್ಷಿಸಬಹುದು. ತಂತಿಯನ್ನು ಎಳೆದು ಸ್ವರ ಏರಿಸಿದಾಗ ಅದು ಮುಟ್ಟಬೇಕಾದ ಜಾಗ ಮುಟ್ಟಿತೋ ಇಲ್ಲವೋ ಎಂಬುದರಲ್ಲಿ ಅಭಿಪ್ರಾಯಭೇದಕ್ಕೆ ಎಡೆಯಿಲ್ಲ. ‘ಹೊಂದಾಣಿಕೆ’, ‘ಮನೋಭಾವ’ ಎಂಬುವಕ್ಕೆ ಅಂಥ ಅಳತೆ ಇಲ್ಲ. ಅವನ್ನು ನೆಚ್ಚಿ ಹೊರಟರೆ ಸುತ್ತಿ ಬಳಸಿ ‘ನಮ್ಮ ಹುಡುಗ’ನ ಹತ್ತಿರಕ್ಕೇ ಬಂದು ನಿಲ್ಲುತ್ತೇವೆ. ಮೂರನೆಯದಾಗಿ, ಬ್ಯಾಂಡಿನ ಹುಡುಗರೆಲ್ಲ ಓದುವವರು, ಕೆಲಸಕ್ಕೆ ಹೋಗುವವರು. ಅವರ ಬಳಿ ಇರುವುದು ಒಂದು ಭಾನುವಾರ, ಬಾಡಿಗೆಯ ಒಂದು ಕೋಣೆ. ಈ ಮೂರರಲ್ಲಿ ಮೊದಲನೆಯದು ತುಂಬ ಗಟ್ಟಿಯಾದ ಮಾತು. ಅದಕ್ಕೆ ಮುಂದೆ ವಿವರವಾಗಿಯೇ ಬರುತ್ತೇನೆ.

ಈ ನಂಬಿಕೆ ನಮ್ಮೊಳಗೆ ಎಲ್ಲಿಂದ ಬಂದು ಕೂತಿತು ಎಂದು ನೋಡಿದರೆ ಅದರ ದೋಷವೂ ಕಾಣುತ್ತದೆ. ಸಂಗೀತದಲ್ಲಿ ಪರೀಕ್ಷೆ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಎರಡು ಬಗೆ. ಒಂದು ಜೂನಿಯರ್, ಸೀನಿಯರ್, ವಿದ್ವತ್ ಎಂಬ ಮೆಟ್ಟಿಲುಗಳ ಪರೀಕ್ಷೆ. ಗಿಟಾರ್ ಕಲಿಯುವವರಿಗಾದರೆ ಟ್ರಿನಿಟಿ, ರಾಕ್‌ಸ್ಕೂಲ್ ಸಂಸ್ಥೆಗಳ ಎಂಟು ಗ್ರೇಡುಗಳು. ಇನ್ನೊಂದು ಟೀವಿಯ ಹಾಡಿನ ಸ್ಪರ್ಧೆ: ಎಸ್.ಪಿ. ಬಾಲಸುಬ್ರಹ್ಮಣ್ಯಂ ನಡೆಸಿಕೊಡುತ್ತಿದ್ದ ‘ಎದೆ ತುಂಬಿ ಹಾಡುವೆನು’, ಆಮೇಲೆ ‘ಸರಿಗಮಪ’. ಎರಡರಲ್ಲೂ ಪರೀಕ್ಷೆಗೆ ಒಳಗಾಗುವುದು ಒಂಟಿ ವ್ಯಕ್ತಿ. ಅದರಲ್ಲೂ ಟೀವಿ ಸ್ಪರ್ಧೆಯಲ್ಲಿ ಹಾಡುವವರ ಬೆನ್ನಿಗೆ ಪಳಗಿದ ವಾದ್ಯಗಾರರ ತಂಡ ಇರುತ್ತದೆ. ಹಾಡುವವರ ಶ್ರುತಿಗೆ ತಕ್ಕಂತೆ ಇಡೀ ಹಾಡನ್ನು ಇಳಿಸುವುದು, ಅವರು ತಡವಾಗಿ ಎತ್ತಿಕೊಂಡರೆ ಕಾಯುವುದು, ತಾಳ ಜಾರಿದರೆ ಕೇಳುಗರಿಗೆ ಗೊತ್ತಾಗದಂತೆ ಹಿಡಿದುಕೊಳ್ಳುವುದು ಆ ವಾದ್ಯಗಾರರ ಕೆಲಸ. ಅಂಕ ಸಿಗುವುದು ಗಾಯಕರಿಗೆ. ಬ್ಯಾಂಡಿಗೆ ಗಿಟಾರಿಸ್ಟನ್ನು ಆರಿಸುವಾಗ ನಮಗೆ ಬೇಕಾದದ್ದು ಹಿಂದೆ ಕೂತ ಆ ವಾದ್ಯಗಾರರ ಗುಣ. ನಾವು ಕೈಗೆತ್ತಿಕೊಳ್ಳುವುದು ಮುಂದೆ ನಿಂತವರಿಗಾಗಿ ಮಾಡಿದ ಅಳತೆ.

ಸೋಲೊ ಏನನ್ನು ತೋರಿಸುತ್ತದೆ, ಏನನ್ನು ತೋರಿಸುವುದಿಲ್ಲ ಎಂಬುದನ್ನು ಬಿಡಿಸಿ ನೋಡೋಣ. ನಾಲ್ಕು ನಿಮಿಷದ ಹಾಡಿನಲ್ಲಿ ಗಿಟಾರಿನ ಸೋಲೊ ಸಾಮಾನ್ಯವಾಗಿ ಮುಕ್ಕಾಲು ನಿಮಿಷ ದಾಟುವುದಿಲ್ಲ. ಉಳಿದ ಹೊತ್ತೆಲ್ಲ ಗಿಟಾರು ಕಾರ್ಡ್ ಹಿಡಿಯುತ್ತದೆ, ಡ್ರಮ್ಮಿನ ಜೊತೆ ಲಯ ಕಟ್ಟುತ್ತದೆ, ಬೇಸಿಗೆ ಜಾಗ ಬಿಡುತ್ತದೆ, ಹಾಡುವವರ ಸಾಲು ಮುಗಿದ ಸಂದಿಯಲ್ಲಿ ಎರಡು ಸ್ವರ ಸೇರಿಸುತ್ತದೆ. ಆಡಿಷನ್ನಿನಲ್ಲಿ ಈ ಭಾಗ ಪರೀಕ್ಷೆಗೇ ಬರುವುದಿಲ್ಲ. ಇನ್ನೊಂದು ತೊಡಕೂ ಇದೆ. ಈಗ ಮನೆಯಲ್ಲಿ ಕೂತು ಗಿಟಾರ್ ಕಲಿಯುವವರು ಅಭ್ಯಾಸ ಮಾಡುವುದು ಹೆಚ್ಚಾಗಿ ಬ್ಯಾಕಿಂಗ್ ಟ್ರ್ಯಾಕ್ ಹಾಕಿಕೊಂಡು. ಆ ಟ್ರ್ಯಾಕು ಎಂದೂ ಓಡುವುದಿಲ್ಲ, ಎಂದೂ ಎಳೆಯುವುದಿಲ್ಲ, ಪಲ್ಲವಿಯನ್ನು ಮರೆತು ಎರಡು ಸಲ ಹಾಡುವುದಿಲ್ಲ, ನುಡಿಸುವವರು ಜೋರು ಮಾಡಿದರೆ ಸಿಟ್ಟಾಗುವುದೂ ಇಲ್ಲ. ಅದರ ಜೊತೆ ವರ್ಷಗಟ್ಟಲೆ ನುಡಿಸಿದವರಿಗೆ ಕೈ ಬಹಳ ಚೆನ್ನಾಗಿ ಕೂಡುತ್ತದೆ. ಎದುರಿಗಿರುವವರು ಬದಲಾದಾಗ ತಾನೂ ಬದಲಾಗುವ ಅಭ್ಯಾಸ ಮಾತ್ರ ಆಗುವುದಿಲ್ಲ. ಆಡಿಷನ್ನಿಗೆ ಬಂದವರೂ ಅದೇ ಟ್ರ್ಯಾಕನ್ನು ಮೊಬೈಲಿನಿಂದ ಸ್ಪೀಕರಿಗೆ ಹಾಕಿ ನುಡಿಸಿದರೆ ಅವರಿಗೆ ಏನು ಬರುತ್ತದೆ ಎಂದು ನಮಗೆ ಪೂರ್ತಿ ತಿಳಿಯುತ್ತದೆ. ಏನು ಬರುವುದಿಲ್ಲ ಎಂಬುದರ ಸುಳಿವೂ ಸಿಗುವುದಿಲ್ಲ.

ದನಿಗಳು ಒಂದರ ಮೇಲೊಂದು ಬೀಳುವ ಪ್ರಶ್ನೆ ಇದಕ್ಕಿಂತ ದೊಡ್ಡದು. ಗಿಟಾರಿನ ದಪ್ಪ ತಂತಿ ಸುಮಾರು 82 ಹರ್ಟ್ಸಿನಲ್ಲಿ ಮಿಡಿಯುತ್ತದೆ, ಆದರೆ ಡಿಸ್ಟಾರ್ಶನ್ ಹಾಕಿದ ಗಿಟಾರು ಕಿವಿಗೆ ಜೋರಾಗಿ ತಾಗುವುದು ಅದರ ಮೇಲಿನ ಸ್ತರಗಳಲ್ಲಿ, ಎರಡು ಮೂರು ಸಾವಿರ ಹರ್ಟ್ಸಿನ ಆಸುಪಾಸಿನಲ್ಲಿ. ಹಾಡುವವರ ಬಾಯಿಂದ ಹೊರಡುವ ವ್ಯಂಜನಗಳು ಸ್ಪಷ್ಟವಾಗುವುದೂ ಅಲ್ಲೇ. ಹಾಗಾಗಿ ಒಂಟಿಯಾಗಿ ಕೇಳಿದಾಗ ತುಂಬಿ ತುಳುಕುವ, ಕೋಣೆಯಲ್ಲಿ ಎಲ್ಲರೂ ತಲೆದೂಗುವ ಗಿಟಾರಿನ ನಾದವೇ ಹಾಡಿನೊಳಗೆ ಬಂದಾಗ ಸಾಹಿತ್ಯವನ್ನು ಮುಚ್ಚಿಹಾಕಬಹುದು. ಕನ್ನಡದಲ್ಲಿ ಹಾಡುವ ಬ್ಯಾಂಡಿಗೆ ಇದು ಸಣ್ಣ ವಿಷಯವಲ್ಲ. ಮಾತು ಕೇಳಿಸದಿದ್ದರೆ ಕನ್ನಡದಲ್ಲಿ ಹಾಡಿ ಏನು ಬಂತು? ಆಡಿಷನ್ನಿನಲ್ಲಿ ಹೆಚ್ಚು ಅಂಕ ತರುವ ಗುಣವೇ ವೇದಿಕೆಯ ಮೇಲೆ ದೋಷವಾಗುವ ಸಾಧ್ಯತೆ ಇದೆ ಎಂದ ಮೇಲೆ, ಹೆಚ್ಚು ಅಂಕ ಬಂದವರೇ ತಕ್ಕವರು ಎಂಬ ತರ್ಕ ನಿಲ್ಲುವುದಿಲ್ಲ.

ರೂಢಿಯ ಮಾತಿನ ಬುಡದಲ್ಲಿರುವುದು ‘ಅತ್ಯುತ್ತಮ ಗಿಟಾರಿಸ್ಟ್’ ಎಂಬ ಕಲ್ಪನೆ, ಒಬ್ಬರ ಎತ್ತರ, ತೂಕ ಇದ್ದ ಹಾಗೆ ಅವರ ಜೊತೆಯಲ್ಲೇ ಇರುವ ಒಂದು ಗುಣ ಎಂಬಂತೆ. ಆದರೆ ಖಾಲಿಯಾದ ಜಾಗಕ್ಕೆ ತನ್ನದೇ ಆಕಾರ ಇರುತ್ತದೆ. ಬೆಂಗಳೂರಿನ ಥರ್ಮಲ್ ಅಂಡ್ ಎ ಕ್ವಾರ್ಟರ್ 1996ರಲ್ಲಿ ಶುರುವಾದ ತಂಡ. ಅಲ್ಲಿ ಬ್ರೂಸ್ ಲೀ ಮಣಿ ಹಾಡುವುದು, ಗಿಟಾರ್ ನುಡಿಸುವುದು ಎರಡನ್ನೂ ಮಾಡುತ್ತಾರೆ, ತಂಡ ಬಹುಕಾಲ ಮೂರೇ ಜನರದಾಗಿತ್ತು. ಸ್ವರಾತ್ಮದಲ್ಲಿ ವಾಸು ದೀಕ್ಷಿತ್ ಹಾಡುತ್ತ ರಿದಂ ಗಿಟಾರ್ ಹಿಡಿಯುತ್ತಾರೆ, ವಯೊಲಿನ್ನಿನ ದನಿಯೂ ಅದರ ಹಾಡುಗಳಲ್ಲಿ ಸೇರಿದೆ. ಮೊದಲನೆಯದರಲ್ಲಿ ಗಿಟಾರು ಇಡೀ ಬಯಲನ್ನು ತುಂಬಬೇಕು, ಎರಡನೆಯದರಲ್ಲಿ ಲೀಡ್ ಗಿಟಾರು ಸಂದಿಗೊಂದಿಯಲ್ಲಿ ದಾರಿ ಹುಡುಕಬೇಕು. ಒಂದಕ್ಕೆ ಹೇಳಿ ಮಾಡಿಸಿದಂಥ ವಾದಕ ಇನ್ನೊಂದರಲ್ಲಿ ಹೊರೆಯಾಗಬಹುದು, ಇಬ್ಬರಲ್ಲಿ ಯಾರೂ ಕಡಿಮೆಯವರಲ್ಲ.

ಖಾಲಿ ಜಾಗಕ್ಕೆ ಆಕಾರ ಇದೆ ಎಂದಾಗ ಬಿಟ್ಟುಹೋದವರ ನಕಲು ಬೇಕು ಎಂದು ಅರ್ಥ ಮಾಡಿಕೊಳ್ಳಬಾರದು. ರೋಲಿಂಗ್ ಸ್ಟೋನ್ಸ್ ತಂಡದ ಪ್ರಸಂಗ ಇಲ್ಲಿ ನೋಡತಕ್ಕದ್ದು. 1969ರಲ್ಲಿ ಸೇರಿದ ಮಿಕ್ ಟೇಲರ್ ನೀಳವಾದ, ನಿರರ್ಗಳವಾದ ಲೀಡ್ ನುಡಿಸುವವರು. 1974ರ ಡಿಸೆಂಬರಿನಲ್ಲಿ ಅವರು ಬಿಟ್ಟರು. ತಂಡದವರು ಒಬ್ಬೊಬ್ಬರನ್ನು ಕರೆದು ಕೂರಿಸಿ ಅಂಕ ಹಾಕಲಿಲ್ಲ. 1975ರಲ್ಲಿ ರಾಟರ್‌ಡ್ಯಾಮ್, ಮ್ಯೂನಿಕ್ ನಗರಗಳಲ್ಲಿ ಹೊಸ ಆಲ್ಬಮ್ಮಿನ ಕೆಲಸವನ್ನೇ ನಡೆಸುತ್ತ ವೇಯ್ನ್ ಪರ್ಕಿನ್ಸ್, ಹಾರ್ವೆ ಮ್ಯಾಂಡೆಲ್, ರಾನ್ ವುಡ್ ಮುಂತಾದವರನ್ನು ತಮ್ಮ ಹಾಡುಗಳಲ್ಲೇ ಸೇರಿಸಿಕೊಂಡು ನುಡಿಸಿದರು. 1976ರಲ್ಲಿ ಬಂದ ‘ಬ್ಲ್ಯಾಕ್ ಅಂಡ್ ಬ್ಲೂ’ ಆಲ್ಬಮ್ಮಿನಲ್ಲಿ ಆ ಮೂವರ ಗಿಟಾರೂ ಇದೆ. ಕೊನೆಗೆ ತಂಡಕ್ಕೆ ಬಂದವರು ವುಡ್. ಟೇಲರ್ ಅವರ ನಿರರ್ಗಳತೆ ವುಡ್ ಅವರದಲ್ಲ. ಆದರೆ ಕೀತ್ ರಿಚರ್ಡ್ಸ್ ಜೊತೆ ಕೂತರೆ ಎರಡು ಗಿಟಾರುಗಳಲ್ಲಿ ಯಾವುದು ಲೀಡ್, ಯಾವುದು ರಿದಂ ಎಂದು ಬಿಡಿಸಲಾಗದ ಹಾಗೆ ಹೆಣೆದುಕೊಳ್ಳುತ್ತಿದ್ದವು. ಹಿಂದಿನವರ ಪ್ರತಿರೂಪ ಹುಡುಕಿದ್ದರೆ ಆ ಹೆಣಿಗೆ ಸಿಗುತ್ತಿರಲಿಲ್ಲ. ರಾಟರ್‌ಡ್ಯಾಮಿನ ಸ್ಟುಡಿಯೋ ಬೇಡ, ಮ್ಯೂನಿಕ್ಕಿನ ಖರ್ಚೂ ಬೇಡ. ತಮ್ಮ ಹಾಡಿನೊಳಗೆ ಕರೆದು ನೋಡುವ ಈ ಕ್ರಮ ಮದ್ದೂರಿನ ಒಂದು ಕೋಣೆಯಲ್ಲೂ ನಡೆಯುತ್ತದೆ.

ನಮ್ಮ ಸೀಮೆಯ ಬ್ಯಾಂಡುಗಳಿಗೆ ಇದಕ್ಕೂ ಮಿಗಿಲಾದ ಒಂದು ಕಾರಣ ಇದೆ. ಕನ್ನಡದ ರಾಕ್ ಇಂದು ಜನಪದ, ತತ್ವಪದಗಳ ಕಡೆಗೆ ಕೈ ಚಾಚಿಯೇ ಬೆಳೆದಿದೆ. ರಘು ದೀಕ್ಷಿತ್ ಅವರ 2008ರ ಆಲ್ಬಮ್ಮಿನಲ್ಲಿ ಶಿಶುನಾಳ ಷರೀಫರ ಪದವಿದೆ. ಅದನ್ನು ಕೇಳಿ ಬೆಳೆದ ಹುಡುಗರು ಮಂಟೇಸ್ವಾಮಿ, ಮಾದಪ್ಪನ ಪದಗಳನ್ನು ಗಿಟಾರಿಗೆ ತರಬಯಸುತ್ತಾರೆ. ಆ ಪದಗಳು ಕಾರ್ಡುಗಳ ಸರಣಿಯ ಮೇಲೆ ನಡೆಯುವಂಥವಲ್ಲ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ಮಠ ಇರುವ ಊರು. ಆ ಪರಂಪರೆಯ ನೀಲಗಾರರು ಹಾಡುವಾಗ ತಂಬೂರಿ ಒಂದೇ ಶ್ರುತಿಯನ್ನು ಹಿಡಿದಿರುತ್ತದೆ, ಗಗ್ಗರ, ದಮ್ಮಡಿ, ತಾಳಗಳು ನಡೆಯನ್ನು ಕಾಯುತ್ತವೆ, ಕಥೆ ಗಂಟೆಗಟ್ಟಲೆ ಅದರ ಮೇಲೆ ಸಾಗುತ್ತದೆ. ಅಂಥ ಧಾಟಿಗೆ ನಾಲ್ಕು ಕಾರ್ಡುಗಳನ್ನು ತಿರುಗಿಸಿ ತಿರುಗಿಸಿ ಹಾಕಿದರೆ ಅದು ಸಿನಿಮಾ ಹಾಡಾಗುತ್ತದೆ, ಅದರ ಬಿಗಿ ಹೋಗುತ್ತದೆ. ಅಲ್ಲಿ ಬೇಕಾದದ್ದು ಒಂದು ತಂತಿಯನ್ನು ಬಿಟ್ಟು ಮೊಳಗಿಸಿ, ಹಾಡುವವರ ಉಸಿರಿಗೆ ಕಾಯುವ ಸಂಯಮ. ನಾಲ್ಕು ಕಾರ್ಡು ಗೊತ್ತಿದ್ದೂ ಒಂದನ್ನೇ ಹಿಡಿದು ನಿಲ್ಲುವವರು ಯಾರು ಎಂಬುದನ್ನು ಇಂಗ್ಲಿಷ್ ಹಾಡೊಂದರ ಸೋಲೊ ಕೇಳಿ ಪತ್ತೆಹಚ್ಚುವುದು ಹೇಗೆ? ಆ ಹಾಡನ್ನೇ ಜೊತೆಯಲ್ಲಿ ನುಡಿಸಿ ನೋಡಬೇಕು. ಇದು ನನಗೆ ಇಡೀ ವಿಷಯದಲ್ಲಿ ಅತ್ಯಂತ ಮುಖ್ಯವೆನಿಸುವ ಅಂಶ, ಯಾಕೆಂದರೆ ಇಲ್ಲಿ ತಪ್ಪು ಆಯ್ಕೆಯಿಂದ ಕೆಡುವುದು ಒಂದು ಕಾರ್ಯಕ್ರಮವಷ್ಟೇ ಅಲ್ಲ, ಒಂದು ಧಾಟಿ.

ನೀಲಗಾರರ ಮೇಳದಿಂದ ಇನ್ನೂ ಒಂದನ್ನು ಕಲಿಯಬಹುದು. ಅಲ್ಲಿ ಮುಖ್ಯ ಗಾಯಕ ಒಂದು ಸಾಲನ್ನು ಹೇಳಿದರೆ ಹಿಮ್ಮೇಳದವರು ಅದನ್ನು ಎತ್ತಿಕೊಳ್ಳುತ್ತಾರೆ, ಸೊಲ್ಲು ಕೂಡಿಸುತ್ತಾರೆ. ಹೊಸಬರು ಕಲಿಯುವುದು ಆ ಹಿಮ್ಮೇಳದಲ್ಲಿ ನಿಂತು. ಅನುಸರಿಸಲು ಬರುತ್ತದೆಯೇ ಎಂಬುದು ಮೊದಲು, ಮುನ್ನಡೆಸಲು ಬರುತ್ತದೆಯೇ ಎಂಬುದು ಆಮೇಲೆ. ನಮ್ಮ ಆಡಿಷನ್ನು ಈ ಕ್ರಮವನ್ನು ತಲೆಕೆಳಗು ಮಾಡಿದೆ. ಆದರೆ ಆ ಪರಂಪರೆಯನ್ನು ಇಡಿಯಾಗಿ ಮಾದರಿ ಎಂದು ಎತ್ತಿಕೊಳ್ಳಲಾಗದು. ಅಲ್ಲಿ ಪ್ರವೇಶ ದೀಕ್ಷೆಗೆ, ನಂಬಿಕೆಗೆ ಸೇರಿದ್ದು. ಬ್ಯಾಂಡು ಅಂಥ ಒಕ್ಕಲಲ್ಲ, ಯಾರು ಬೇಕಾದರೂ ಬರಬಹುದಾದ ಜಾಗವಾಗಿರಬೇಕು. ಎತ್ತಿಕೊಳ್ಳಬೇಕಾದ್ದು ಆ ಕ್ರಮವನ್ನಷ್ಟೇ.

ಈಗ ಮೊದಲ ಆಕ್ಷೇಪಕ್ಕೆ. ‘ಕೂಡಿ ನುಡಿಸಿ ನೋಡುತ್ತೇವೆ, ಹೊಂದಿಕೆಯಾಗುತ್ತದೆಯೇ ತಿಳಿಯುತ್ತೇವೆ’ ಎನ್ನುವುದು ಪಕ್ಷಪಾತಕ್ಕೆ ಹೊದಿಸಿದ ಮುಸುಕು ಆಗುವುದಿಲ್ಲವೇ? ಆಗುತ್ತದೆ, ಆಗಿದೆ ಕೂಡ. ಬರ್ಲಿನ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾಕ್ಕೆ 1982ರಲ್ಲಿ ಸಂಚಾಲಕ ಕಾರಯಾನ್ ಅವರು ಕ್ಲಾರಿನೆಟ್ ವಾದಕಿ ಸಬೀನೆ ಮೇಯರ್ ಅವರನ್ನು ಕರೆತಂದಾಗ ವಾದಕರು 73ಕ್ಕೆ 4 ಮತಗಳಿಂದ ಅವರನ್ನು ತಿರಸ್ಕರಿಸಿದರು. ಅವರ ನಾದ ಉಳಿದವರೊಂದಿಗೆ ಬೆರೆಯುವುದಿಲ್ಲ ಎಂಬುದು ವಾದಕರು ಕೊಟ್ಟ ಕಾರಣ. ಆಕೆ ಹೆಂಗಸು ಎಂಬುದೇ ನಿಜವಾದ ಕಾರಣ ಎಂದು ಕಾರಯಾನ್ ಸೇರಿ ಅನೇಕರು ನಂಬಿದ್ದರು. ಒಂಬತ್ತು ತಿಂಗಳಲ್ಲಿ ಆಕೆ ಹೊರನಡೆದರು, ಜಗತ್ತಿನ ಹೆಸರಾಂತ ಏಕವಾದಕರಲ್ಲಿ ಒಬ್ಬರಾದರು. ಇದಕ್ಕೆ ಎದುರಾಗಿ ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾ 1952ರಲ್ಲೇ ಪರದೆಯ ಹಿಂದೆ ಕೂರಿಸಿ ಪರೀಕ್ಷಿಸುವ ಕ್ರಮ ತಂದಿತು, ಮುಂದೆ ಅಮೆರಿಕದ ಬೇರೆ ಆರ್ಕೆಸ್ಟ್ರಾಗಳೂ ಅದನ್ನು ಹಿಡಿದವು. ಅಲ್ಲಿನ ಐದು ದೊಡ್ಡ ಆರ್ಕೆಸ್ಟ್ರಾಗಳಲ್ಲಿ 1970ರಲ್ಲಿ ಶೇಕಡಾ 5ಕ್ಕಿಂತ ಕಡಿಮೆಯಿದ್ದ ಹೆಂಗಸರು 1997ರ ಹೊತ್ತಿಗೆ ಶೇಕಡಾ 25ರಷ್ಟಾದರು. ಇದರಲ್ಲಿ ಪರದೆಯ ಪಾಲೆಷ್ಟು ಎಂಬ ಬಗ್ಗೆ ವಿದ್ವಾಂಸರಲ್ಲಿ ವಾದ ಇದೆ. ಆದರೂ ಹೆಸರು, ಮುಖ ಕಾಣದಿದ್ದರೆ ಕಿವಿ ಹೆಚ್ಚು ನ್ಯಾಯವಾಗಿ ಕೇಳುತ್ತದೆ ಎಂಬುದನ್ನು ನಾನು ಒಪ್ಪುತ್ತೇನೆ. ಗಿಟಾರ್ ಹಿಡಿದ ಹುಡುಗಿಯೊಬ್ಬಳು ಮಂಡ್ಯದಲ್ಲಿ ಆಡಿಷನ್ನಿಗೆ ಬಂದರೆ ಅವಳು ನುಡಿಸುವ ಮೊದಲೇ ಕೋಣೆಯಲ್ಲಿ ಎಷ್ಟು ತೀರ್ಮಾನಗಳು ಆಗಿರುತ್ತವೆ ಎಂಬುದನ್ನು ಯಾರಾದರೂ ಊಹಿಸಬಹುದು.

ಆದರೆ ಈ ಆಕ್ಷೇಪ ಸಾಧಿಸುವುದೇನು ಎಂದು ಸರಿಯಾಗಿ ನೋಡಬೇಕು. ಅದೇ ಆರ್ಕೆಸ್ಟ್ರಾಗಳು ಪರದೆಯ ಪರೀಕ್ಷೆಗೇ ನಿಲ್ಲಿಸುವುದಿಲ್ಲ. ಗೆದ್ದವರು ಆಮೇಲೆ ತಿಂಗಳುಗಟ್ಟಲೆ ಉಳಿದವರ ನಡುವೆ ಕೂತು ನುಡಿಸಬೇಕು, ಕಾಯಂ ಆಗುವುದು ಅದಾದ ಮೇಲೆ. ಒಂಟಿ ಪರೀಕ್ಷೆ ಸಾಲದು ಎಂದು ಅದನ್ನು ಅತ್ಯಂತ ಕಟ್ಟುನಿಟ್ಟಾಗಿ ಮಾಡುವವರೇ ತಿಳಿದಿದ್ದಾರೆ. ಹಾಗಾದರೆ ಪ್ರಶ್ನೆ ಹೊಂದಿಕೆಯನ್ನು ನೋಡಬೇಕೋ ಬೇಡವೋ ಎಂಬುದಲ್ಲ. ಹೊಂದಿಕೆಯಾಗಲಿಲ್ಲ ಎನ್ನುವವರಿಂದ ಎಂಥ ಕಾರಣ ಕೇಳಬೇಕು ಎಂಬುದು. ‘ಇವರು ನಮಗೆ ಸೆಟ್ ಆಗಲ್ಲ’ ಎಂಬುದು ಕಾರಣವಲ್ಲ. ‘ಎರಡನೆಯ ಚರಣದಲ್ಲಿ ಗಿಟಾರು ಹಾಡನ್ನು ಮುಚ್ಚಿತು, ಹೇಳಿದ ಮೇಲೂ ಮೂರು ಸಲ ಹಾಗೇ ನುಡಿಸಿದರು’ ಎಂಬುದು ಕಾರಣ. ಅದು ರೆಕಾರ್ಡಿಂಗಿನಲ್ಲಿ ಕೇಳಿಸಬೇಕು, ಹೊರಗಿನವರೊಬ್ಬರಿಗೂ ಗೊತ್ತಾಗಬೇಕು. ಇಷ್ಟು ಮಾಡಿದರೂ ಪಕ್ಷಪಾತ ಪೂರ್ತಿ ಹೋಗುವುದಿಲ್ಲ, ಆದರೆ ಅದಕ್ಕೆ ಅಡಗಿಕೊಳ್ಳಲು ಜಾಗ ಕಡಿಮೆಯಾಗುತ್ತದೆ.

ಸಮಯದ ಆಕ್ಷೇಪದಲ್ಲಿ ಒಂದು ವ್ಯತ್ಯಾಸ ಮಾಡಬೇಕು. ಗಣೇಶನ ಹಬ್ಬದಿಂದ ನವೆಂಬರಿನ ರಾಜ್ಯೋತ್ಸವದವರೆಗೆ ಮಂಡ್ಯ ಜಿಲ್ಲೆಯ ಊರೂರಿನಲ್ಲಿ ರಸಮಂಜರಿ ನಡೆಯುತ್ತದೆ. ಅಂಥ ಆರ್ಕೆಸ್ಟ್ರಾದಲ್ಲಿ ಗಿಟಾರಿನವರು ಕೈಕೊಟ್ಟರೆ ನಾಳೆ ರಾತ್ರಿಗೇ ಇನ್ನೊಬ್ಬರು ಬೇಕು. ಹಾಡುಗಳು ಸಿನಿಮಾದವು, ಎಲ್ಲರಿಗೂ ಗೊತ್ತಿರುವಂಥವು, ಬಿಜಿಎಂ ಬಿಟ್‌ಗಳು ಮೊದಲೇ ನಿಗದಿಯಾದವು. ಅಲ್ಲಿ ಹತ್ತು ನಿಮಿಷದ ಪರೀಕ್ಷೆ ಸಾಕು, ರೂಢಿಯೇ ಸರಿ. ಸ್ವಂತ ಹಾಡು ಕಟ್ಟುವ ಬ್ಯಾಂಡಿಗೆ ಅದನ್ನೇ ಒಯ್ದು ಹಚ್ಚುವುದು ತಪ್ಪು. ತಕ್ಕವರಲ್ಲದವರನ್ನು ಸೇರಿಸಿಕೊಂಡರೆ ಆರು ತಿಂಗಳ ಪ್ರಾಕ್ಟೀಸ್, ಹದಿನೈದು ಇಪ್ಪತ್ತು ಹಾಡುಗಳ ಮರುಕಲಿಕೆ ಎಲ್ಲ ನೀರಲ್ಲಿ ಹೋಮ. ಅದರ ಮುಂದೆ ಎರಡು ಭಾನುವಾರ ಹೆಚ್ಚಲ್ಲ. ಜೊತೆಗೆ, ಬರುವವರ ಓಡಾಟವೂ ಲೆಕ್ಕಕ್ಕೆ ಬರಬೇಕಾದ ಸಂಗತಿ. ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು, ಅದೇ ವರ್ಷದ ಆಗಸ್ಟಿನಿಂದ ಬೈಕುಗಳಿಗೆ ಅಲ್ಲಿ ಪ್ರವೇಶವಿಲ್ಲ. ಬೆನ್ನಿಗೆ ಗಿಟಾರ್ ಕಟ್ಟಿಕೊಂಡು ಬೈಕಿನಲ್ಲಿ ಬರುವವರು ಸರ್ವಿಸ್ ರಸ್ತೆಯಲ್ಲೇ ಬರಬೇಕು. ವಾರವಾರವೂ ಹಾಗೆ ಬಂದು ಹೋಗಲು ಆಗುತ್ತದೆಯೇ ಎಂಬುದು ಒಂದೇ ದಿನದ ಪರೀಕ್ಷೆಯಲ್ಲಿ ಯಾರಿಗೂ ತಿಳಿಯುವುದಿಲ್ಲ, ಬಂದವರಿಗೂ ಸೇರಿ.

ನಾನು ಹೇಳುವ ಕ್ರಮ ಹೀಗಿರಬಹುದು:

1. ಮೊದಲ ಸುತ್ತು ಹೆಸರಿಲ್ಲದ ರೆಕಾರ್ಡಿಂಗ್. ವಿಡಿಯೋ ಬೇಡ. ಬ್ಯಾಂಡಿನ ಹೊರಗಿನ ಒಬ್ಬರು ಸಂಗ್ರಹಿಸಿ ನಂಬರ್ ಹಾಕಿ ಕೊಡಲಿ. ನುಡಿಸಬೇಕಾದದ್ದು ಬ್ಯಾಂಡಿನ ಒಂದು ಹಾಡಿನ ರಿದಂ ಭಾಗ, ಸೋಲೊ ಬೇಡ.

2. ಆ ಸುತ್ತಿನಲ್ಲಿ ಉಳಿದ ಇಬ್ಬರು ಮೂವರೊಂದಿಗೆ ಕನಿಷ್ಠ ಎರಡು ಸಲ ಕೂಡಿ ನುಡಿಸುವುದು. ಹಾಡುಗಳನ್ನು ವಾರ ಮೊದಲೇ ಕಳಿಸಬೇಕು. ಅಲ್ಲಿ ಬದಲಾವಣೆ ಕೇಳುತ್ತೇವೆ ಎಂದೂ ಮೊದಲೇ ತಿಳಿಸಬೇಕು, ಇದು ಬಲೆ ಬೀಸುವ ಆಟವಲ್ಲ. ಹಾಡುವವರಿಗಾಗಿ ಶ್ರುತಿ ಅರ್ಧ ಮನೆ ಇಳಿಸಿ ಮತ್ತೆ ನುಡಿಸುವುದು, ಒಂದು ಚರಣ ಪೂರ್ತಿ ಸುಮ್ಮನಿದ್ದು ಸರಿಯಾದ ಜಾಗದಲ್ಲಿ ಸೇರಿಕೊಳ್ಳುವುದು, ಒಂದು ತಪ್ಪು ತೋರಿಸಿದ ಮೇಲೆ ಮುಂದಿನ ಸಲ ಏನಾಗುತ್ತದೆ ಎಂದು ನೋಡುವುದು. ಕೊನೆಗೆ ಬಂದವರೇ ನಮ್ಮ ಹಾಡಿನಲ್ಲಿ ಒಂದು ಬದಲಾವಣೆ ಸೂಚಿಸಲಿ, ನಾವು ಅದನ್ನು ನುಡಿಸಿ ನೋಡೋಣ.

ಆ ಕೊನೆಯ ಮಾತಿನಲ್ಲಿ ಇನ್ನೊಂದು ಆಕ್ಷೇಪಕ್ಕೂ ಉತ್ತರ ಇದೆ. ಹೊಂದಿಕೊಳ್ಳುವವರನ್ನೇ ಹುಡುಕಿದರೆ ಬ್ಯಾಂಡು ಇದ್ದಲ್ಲೇ ಉಳಿಯುತ್ತದೆ, ಕಟ್ಟಳೆ ಮುರಿಯುವ ಪ್ರತಿಭೆ ಹೊರಗೇ ಉಳಿಯುತ್ತದೆ ಎನ್ನುವವರಿದ್ದಾರೆ. ಹೊಂದಿಕೆ ಎಂದರೆ ಒಪ್ಪಿಕೊಂಡು ಸುಮ್ಮನಿರುವುದು ಎಂದು ತಿಳಿದರೆ ಈ ಮಾತು ನಿಜ. ನಾನು ಹೇಳುತ್ತಿರುವುದು ಕೇಳಿಸಿಕೊಳ್ಳುವ ಶಕ್ತಿಯ ಬಗ್ಗೆ, ಅದು ಎರಡೂ ಕಡೆ ಬೇಕು. ಹೊಸಬರು ಸೂಚಿಸಿದ ಬದಲಾವಣೆಯನ್ನು ಒಮ್ಮೆಯೂ ಸರಿಯಾಗಿ ನುಡಿಸಿ ನೋಡಲಾಗದ ಡ್ರಮ್ಮರು, ಬೇಸಿನವರು ಇದ್ದರೆ ಆ ದಿನ ಪರೀಕ್ಷೆಯಲ್ಲಿ ಸೋತದ್ದು ಬ್ಯಾಂಡು. ಆಡಿಷನ್ನಿಗೆ ಮೊದಲು ಬ್ಯಾಂಡಿನವರು ತಮ್ಮ ತಮ್ಮಲ್ಲೇ ಕೂತು ಪ್ರಾಕ್ಟೀಸ್ ಮಾಡುವುದು ಬಹಳ ಅಪರೂಪ. ಇದು ನನಗೆ ನಿಜಕ್ಕೂ ಬೇಸರ ತರಿಸುವ ಸಂಗತಿ.

ಆಯ್ಕೆಗೆ ನಾವು ಕೊಡುವ ಮಹತ್ವವೇ ಹೆಚ್ಚಾಯಿತೇನೋ ಎಂದು ಅನ್ನಿಸುವುದು ನಮ್ಮ ಊರುಗಳ ಪೌರಾಣಿಕ ನಾಟಕಗಳನ್ನು ನೋಡಿದಾಗ. ಕುರುಕ್ಷೇತ್ರ ನಾಟಕದಲ್ಲಿ ಪಾತ್ರ ಹಂಚಿಕೆಯಾಗುವುದು ಬಹುಪಾಲು ಹಣದ ಲೆಕ್ಕದಲ್ಲಿ. ಕೃಷ್ಣ, ದುರ್ಯೋಧನರಿಗೆ ಹೆಚ್ಚು ಕೊಟ್ಟವರು ಆ ವೇಷ ಕಟ್ಟುತ್ತಾರೆ. ಆಯ್ಕೆಯ ಕ್ರಮವಾಗಿ ಇದನ್ನು ಯಾರೂ ಸಮರ್ಥಿಸಲಾರರು. ಆದರೂ ಎಷ್ಟೋ ಊರಿನಲ್ಲಿ ನಾಟಕ ಕಳೆಗಟ್ಟುತ್ತದೆ, ಯಾಕೆಂದರೆ ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ರಾತ್ರಿ ಕೂರಿಸಿಕೊಂಡು ಒಬ್ಬೊಬ್ಬರ ದನಿಗೆ ತಕ್ಕ ಶ್ರುತಿ ಗೊತ್ತುಮಾಡಿ ಕಂದ, ಪದ್ಯ ತಿದ್ದುತ್ತಾರೆ. ಆಯ್ಕೆ ಕೆಟ್ಟದ್ದಾದರೂ ಅಭ್ಯಾಸ ಅಷ್ಟನ್ನು ಸರಿಪಡಿಸಬಲ್ಲದು ಎಂದಾದರೆ, ಆಯ್ಕೆಯನ್ನೂ ಅಭ್ಯಾಸದ ರೂಪದಲ್ಲೇ ಮಾಡುವುದರಿಂದ ಎಷ್ಟು ಸಿಕ್ಕೀತು?

ಬ್ಯಾಂಡಿನವರಲ್ಲಿ ಮೂರು ವಿನಂತಿಗಳಿವೆ. ಪರೀಕ್ಷೆಯ ಹೆಸರಿನಲ್ಲಿ ಯಾರನ್ನೂ ದುಡ್ಡಿಲ್ಲದೆ ವೇದಿಕೆಗೆ ಹತ್ತಿಸಬೇಡಿ. ಕೋಣೆಯಲ್ಲಿ ಕೂಡಿ ನುಡಿಸುವುದು ಪರೀಕ್ಷೆ, ಜನರ ಮುಂದೆ ನುಡಿಸಿದರೆ ಅದು ಕೆಲಸ, ಕೆಲಸಕ್ಕೆ ಕೂಲಿ ಇದೆ. ಬಂದವರ ಬಸ್ಸಿನ ಖರ್ಚನ್ನಾದರೂ ಕೊಡಿ, ಆಯ್ಕೆಯಾಗದವರಿಗೆ ವಾರದೊಳಗೆ ಫೋನ್ ಮಾಡಿ, ಯಾವ ಹಾಡಿನ ಯಾವ ಜಾಗದಲ್ಲಿ ಏನು ಕೂಡಿಬರಲಿಲ್ಲ ಎಂಬುದನ್ನು ನೇರವಾಗಿ ತಿಳಿಸಿ.